ಹದಿನಾರರ ಹುಡುಗನೂ ಹಳದಿ ಕಾರ್ಡೂ

ಮಾನ್ಯ ಸಂಪಾದಕರಿಗೆ,

ಮಳೆಗಾಲ ಮುಗಿದು ನೆಲ ಗಟ್ಟಿಯಾದದ್ದೇ ತಡ, ಮಾಜಾಳಿಯಿಂದ ಭಟ್ಕಳದವರೆಗೆ ಹೊನಲು ಬೆಳಕಿನ ಫುಟ್‌ಬಾಲ್ ಪಂದ್ಯಾವಳಿಗಳ ಬ್ಯಾನರ್‌ಗಳು ಏಳುತ್ತವೆ. ಅವುಗಳ ಬೆನ್ನಿಗೇ ಪ್ರತಿ ವರ್ಷದ ಮಾತೂ ಬರುತ್ತದೆ: "ಹುಡುಗನ ಕಾಲಲ್ಲಿ ಆಟ ಇದೆ ಮಾರಾಯಾ, ತಲೆಯದ್ದೇ ತೊಂದರೆ." ಊರಿಗೊಬ್ಬ ಇಂಥವನಿದ್ದಾನೆ. ವಯಸ್ಸು ಹದಿನೈದೋ ಹದಿನಾರೋ. ಎಡಗಾಲಿಗೆ ಚೆಂಡು ಸಿಕ್ಕರೆ ಇಬ್ಬರನ್ನಂತೂ ದಾಟಿಯೇ ದಾಟುತ್ತಾನೆ. ಅಭ್ಯಾಸಕ್ಕೆ ವಾರದಲ್ಲಿ ಎರಡು ದಿನ ತಡ, ಒಂದು ದಿನ ನಾಪತ್ತೆ. ರೆಫರಿ ಸೀಟಿ ಊದಿದರೆ ಎರಡೂ ಕೈ ಆಕಾಶಕ್ಕೆ. ಪಂದ್ಯದ ನಡುವೆ ಬದಲಿಸಿ ಹೊರಗೆ ಕರೆದರೆ ಅಂಗಿ ಬಿಚ್ಚಿ ಬಿಸಾಡಿ, ಲೈಸೆನ್ಸ್ ಇಲ್ಲದೆ ತಂದ ಬೈಕಿನ ಕಡೆ ನೇರ ನಡೆಯುತ್ತಾನೆ.

ಇವನಿಗೆ ಊರು ಕೊಡುವ ಮದ್ದು ಎರಡೇ. ಉಪದೇಶ, ಅದು ನಾಟದಿದ್ದರೆ ಕಪಾಳಕ್ಕೊಂದು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ" ಎಂದು ಗಾದೆ ಹೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಕೋಲೂ ಇರುತ್ತದೆ. ಶಾಲಾ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮೈದಾನಕ್ಕೆ ಬಂದ ಕೂಡಲೇ ಅದೇ ಮಗುವಿಗೆ ಬೇರೆ ಕಾನೂನು ಇರಬೇಕೇಕೆ? ಕಾನೂನಿನ ಮಾತು ಬಿಟ್ಟರೂ, ಹೊಡೆತ ತಿಂದ ಹುಡುಗ ಕಲಿಯುವುದು ಕೋಚ್ ನೋಡದ ಕಡೆ ಸಿಟ್ಟು ತೀರಿಸಿಕೊಳ್ಳುವುದನ್ನು. ನಮ್ಮ ಅನುಭವದಲ್ಲಿ ಶಿಸ್ತು ಕೂಡ ಬಲಗಾಲಿನ ಪಾಸಿನ ಹಾಗೆ ದಿನಾ ಅಭ್ಯಾಸ ಮಾಡಿಸಬೇಕಾದ ಕೆಲಸ. ಅದಕ್ಕೆ ಅಳತೆ, ಸಮಯ, ನಿಯಮ ಎಲ್ಲ ಇವೆ. ಅವುಗಳನ್ನೇ ಇಲ್ಲಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದೀತು, ಜಾಗ ಕೊಡಬೇಕು.

ಮೊದಲು ಒಂದು ಸಣ್ಣ ಗಳಿಗೆಯನ್ನು ನಿಧಾನವಾಗಿ ನೋಡಬೇಕು. ಕಾರವಾರದ ಮಾಲಾದೇವಿ ಮೈದಾನವಿರಲಿ, ಇನ್ನಾವುದೇ ಊರಿನ ಶಾಲೆಯ ಅಂಗಳವಿರಲಿ, ಸಂಜೆ ಹೊತ್ತು ಗೆರೆಯ ಬದಿಗೆ ನಿಂತರೆ ಇದು ಕಾಣುತ್ತದೆ. ಎಡಬದಿಯಲ್ಲಿ ನಮ್ಮ ಹುಡುಗ ಇಬ್ಬರನ್ನು ದಾಟಿ, ಮೂರನೆಯವನನ್ನೂ ದಾಟಲು ಹೋಗಿ ಚೆಂಡು ಕಳೆದುಕೊಳ್ಳುತ್ತಾನೆ. ಅಲ್ಲೇ ನಿಲ್ಲುತ್ತಾನೆ. ಕೈ ಮೇಲಕ್ಕೆ, ಮುಖ ಲೈನ್‌ಮನ್ ಕಡೆಗೆ. ಬಾವುಟ ಏಳಲಿಲ್ಲವೆಂದು ಗೊತ್ತಾದಾಗ ನೆಲಕ್ಕೊಮ್ಮೆ ಒದೆಯುತ್ತಾನೆ, ಆಮೇಲೆ ತಲೆ ತಗ್ಗಿಸಿ ನಡೆಯತೊಡಗುತ್ತಾನೆ. ಗಡಿಯಾರ ಹಿಡಿದು ಎಣಿಸಿದರೆ ಐದು ಸೆಕೆಂಡು. ಎದುರಾಳಿ ಬ್ಯಾಕ್ (ರಕ್ಷಣೆಯ ಆಟಗಾರ) ಸೆಕೆಂಡಿಗೆ ಆರು ಮೀಟರಿನಂತೆ ಓಡಿದರೂ ಅಷ್ಟರಲ್ಲಿ 30 ಮೀಟರ್ ಆಯಿತು. ಮಧ್ಯಗೆರೆಯ ಹತ್ತಿರ ಇದ್ದವನು ನಮ್ಮ ಪೆನಾಲ್ಟಿ ಚೌಕದ ಬಾಗಿಲಿಗೆ ಬಂದಿರುತ್ತಾನೆ. ಗೋಲು ಬಿದ್ದ ಮೇಲೆ ಬೈಗುಳ ತಿನ್ನುವವನು ಮಾತ್ರ ಪಾಪದ ಗೋಲಿ (ಗೋಲ್‌ಕೀಪರ್).

ಗೋವಾದ ಕ್ಲಬ್‌ಗಳಿಂದಲೋ ಬೆಂಗಳೂರಿನಿಂದಲೋ ಹುಡುಗರನ್ನು ಆರಿಸಲು ಬರುವವರು ನೋಡುವುದು ಈ ಐದು ಸೆಕೆಂಡನ್ನು. ಚೆಂಡು ಕಾಲಲ್ಲಿದ್ದಾಗ ಅವನು ಏನು ಮಾಡಬಲ್ಲ ಎನ್ನುವುದು ಹತ್ತು ನಿಮಿಷದಲ್ಲಿ ತಿಳಿದುಹೋಗುತ್ತದೆ. ಆದರೆ 90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಬಳಿ ಚೆಂಡು ಇರುವುದು ಎರಡು ಮೂರು ನಿಮಿಷ ಅಷ್ಟೇ. ಉಳಿದ ಹೊತ್ತು ಅವನು ಏನು ಮಾಡುತ್ತಾನೆ? ನಮ್ಮೂರಿನ ಎಷ್ಟೋ ಹುಡುಗರು ಆಯ್ಕೆಯಿಂದ ಬರಿಗೈಯಲ್ಲಿ ಮರಳಿ "ಅಲ್ಲಿ ರಾಜಕೀಯ" ಎನ್ನುತ್ತಾರೆ. ರಾಜಕೀಯ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕೈ ಎತ್ತಿ ನಿಂತವನನ್ನು ಆರಿಸದೆ ಬಿಡಲು ರಾಜಕೀಯದ ಅಗತ್ಯವೇ ಇಲ್ಲ.

ಇದನ್ನು ತಿದ್ದುವ ಅಭ್ಯಾಸ ಹೀಗೆ. 25 ಮೀಟರ್ ಉದ್ದ, 20 ಮೀಟರ್ ಅಗಲಕ್ಕೆ ಕೋನ್ ಇಡಿ. ನಾಲ್ವರ ಎದುರು ನಾಲ್ವರು. ನಾಲ್ಕು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ, ಒಟ್ಟು ನಾಲ್ಕು ಸುತ್ತು. 22 ನಿಮಿಷದಲ್ಲಿ ಮುಗಿಯುತ್ತದೆ. ನಿಯಮ ಒಂದೇ: ಚೆಂಡು ಕಳೆದವನ ಮೊದಲ ಐದು ಹೆಜ್ಜೆ ಚೆಂಡಿನ ಕಡೆಗೋ ತನ್ನ ಗೋಲಿನ ಕಡೆಗೋ ಓಟದಲ್ಲೇ ಇರಬೇಕು. ನಿಂತರೆ ಅಥವಾ ಕೈ ಎತ್ತಿದರೆ ಎದುರಿನವರಿಗೆ ಒಂದು ಗೋಲು. ಕೋಚ್ ಬೈಯಬೇಕಾಗಿಲ್ಲ, ಜೊತೆಗಾರರೇ ನೋಡಿಕೊಳ್ಳುತ್ತಾರೆ. ಮೂರನೇ ವಾರದಿಂದ ಇದಕ್ಕೆ ತಪ್ಪು ಸೀಟಿ ಸೇರಿಸಿ. ಹತ್ತು ಸೀಟಿಯಲ್ಲಿ ಮೂರನ್ನು ಕೋಚ್ ಬೇಕೆಂದೇ ತಪ್ಪಾಗಿ ಊದಬೇಕು. ಹೀಗೆ ಮಾಡುತ್ತೇನೆಂದು ಮೊದಲೇ ಎಲ್ಲರಿಗೂ ಹೇಳಿ, ಯಾವುದು ತಪ್ಪು ಎಂದು ಮಾತ್ರ ಹೇಳಬೇಡಿ. ಮಾತಾಡಿದವನು ಒಂದು ನಿಮಿಷ ಹೊರಗೆ, ಅವನ ತಂಡ ಮೂವರಲ್ಲೇ ಆಡಬೇಕು.

ಈ ಅಭ್ಯಾಸ ಕೆಡುವುದು ಹೆಚ್ಚಾಗಿ ಕೋಚ್‌ನಿಂದಲೇ. ತಪ್ಪು ಸೀಟಿ ಎಲ್ಲ ಆ ಒಬ್ಬನ ವಿರುದ್ಧವೇ ಹೋದರೆ ಮೂರನೇ ದಿನ ಅವನಿಗೆ ತಿಳಿಯುತ್ತದೆ, ನಾಲ್ಕನೇ ದಿನ ಬರುವುದಿಲ್ಲ. ಹತ್ತರಲ್ಲಿ ಆರು ತಪ್ಪಾದರೆ ಅದು ಅಭ್ಯಾಸವಲ್ಲ, ಜಾತ್ರೆಯ ಸರ್ಕಸ್. ಇನ್ನೊಂದು: ಕೈ ಎತ್ತಬೇಡ ಎಂದರೆ ಸಾಲದು, ಆ ಕೈಗೆ ಬೇರೆ ಕೆಲಸ ಕೊಡಬೇಕು. ಸೀಟಿ ಬಿದ್ದು ಆಟ ನಿಂತಿದೆಯೆಂದರೆ, ಬಗ್ಗಿ ಎರಡೂ ಕಾಲುಚೀಲ ಮೇಲೆಳೆದುಕೊಳ್ಳುವುದನ್ನು ರೂಢಿ ಮಾಡಿಸಿ. ಮೂರು ಸೆಕೆಂಡಿನ ಕೆಲಸ. ಬಗ್ಗಿದವನಿಗೆ ರೆಫರಿಯ ಮುಖ ಕಾಣುವುದಿಲ್ಲ, ಏಳುವಷ್ಟರಲ್ಲಿ ಬಾಯಿಗೆ ಬಂದದ್ದು ಗಂಟಲಿಗೆ ಇಳಿದಿರುತ್ತದೆ. ಕೇಳಲು ತಮಾಷೆ ಎನಿಸಬಹುದು. ಒಂದು ತಿಂಗಳು ಮಾಡಿಸಿ ನೋಡಿ.

ಇನ್ನು ಕಾರ್ಡುಗಳ ಲೆಕ್ಕ. ರೆಫರಿ ತೀರ್ಪಿಗೆ ಎದುರು ಮಾತು, ಸೀಟಿಯ ನಂತರ ಚೆಂಡನ್ನು ದೂರ ಒದೆಯುವುದು, ಎದುರಾಳಿಯ ಫ್ರೀ ಕಿಕ್‌ಗೆ 9.15 ಮೀಟರ್ ಬಿಡದೆ ಅಡ್ಡ ನಿಲ್ಲುವುದು, ಕೇಳದೆ ಮೈದಾನ ಬಿಟ್ಟು ಹೋಗುವುದು, ಗೋಲು ಹೊಡೆದ ಖುಷಿಗೆ ಅಂಗಿ ಬಿಚ್ಚುವುದು: ಎಲ್ಲಕ್ಕೂ ಹಳದಿ. ಅಂಗಿ ಬಿಚ್ಚಿದ ಮೇಲೆ ಆ ಗೋಲೇ ರದ್ದಾದರೂ ಕಾರ್ಡ್ ಹಾಗೇ ಉಳಿಯುತ್ತದೆ, ಇದು ಬಹಳ ಹುಡುಗರಿಗೆ ತಿಳಿದಿಲ್ಲ. ಗಮನಿಸಿ, ಇವುಗಳಲ್ಲಿ ಒಂದಕ್ಕೂ ಎದುರಾಳಿಯ ಕಾಲು ಮುಟ್ಟಬೇಕಾಗಿಲ್ಲ. ಇವನ್ನು ಪುಕ್ಕಟೆ ಕಾರ್ಡು ಎನ್ನೋಣ. ಪ್ರತಿ ತಂಡವೂ ಒಂದು ನೋಟ್ ಪುಸ್ತಕದಲ್ಲಿ ಎರಡು ಕಾಲಂ ಎಳೆದು ಆಟದ ಕಾರ್ಡು ಬೇರೆ, ಪುಕ್ಕಟೆ ಕಾರ್ಡು ಬೇರೆ ಬರೆದಿಡಬೇಕು. ಹಿಂದೆ ಓಡಿ ಬಂದು ತಡವಾಗಿ ಕಾಲು ಹಾಕಿದವನಿಗೆ ಶಿಸ್ತಿನ ಪಾಠ ಬೇಡ, ಟ್ಯಾಕಲ್‌ನ, ಅಂದರೆ ಚೆಂಡು ಕಸಿಯುವ ಪಾಠ ಬೇಕು: ಎದುರಾಳಿಗೆ ಎದೆ ಕೊಟ್ಟು ನಿಲ್ಲದೆ ಓರೆಯಾಗಿ ನಿಲ್ಲುವುದು, ಮೊದಲು ವೇಗ ತಗ್ಗಿಸುವುದು, ಹತ್ತಿರದ ಕಾಲು ಹಾಕುವುದು. ಇಬ್ಬರಿಗೂ ಒಂದೇ ಬೈಗುಳ ಬಿದ್ದರೆ ಹಿಂದೆ ಓಡಿ ಬರುವವನು ಓಡುವುದನ್ನೇ ಬಿಡುತ್ತಾನೆ.

ಆಟಗಾರನನ್ನು ಹೊರಗೆ ಕಳಿಸುವ ಕೆಂಪು ಕಾರ್ಡಿನ ಬೆಲೆ ನಮ್ಮ ಏಳು ಜನರ ಪಂದ್ಯಗಳಲ್ಲಿ ಇನ್ನೂ ಹೆಚ್ಚು. ಹನ್ನೊಂದರಲ್ಲಿ ಒಬ್ಬ ಹೋದರೆ ತಂಡದ ಶೇ 9 ಹೋಯಿತು. ಏಳರಲ್ಲಿ ಒಬ್ಬ ಹೋದರೆ ಶೇ 14. ಗೋಲಿಯನ್ನು ಬಿಟ್ಟರೆ ಆರು ಮಂದಿಯ ಜಾಗಕ್ಕೆ ಐವರು. ಇದನ್ನು ಹುಡುಗನಿಗೆ ಬಾಯಲ್ಲಿ ಹೇಳುವ ಬದಲು ಒಂದು ಸಂಜೆ ಅವನನ್ನು ಹೊರಗೆ ಕೂರಿಸಿ, ಅವನ ಗೆಳೆಯರು ಇಪ್ಪತ್ತು ನಿಮಿಷ ಆರೇ ಜನ ಆಡುವುದನ್ನು ತೋರಿಸುವುದು ಮೇಲು.

ಪಂದ್ಯಾವಳಿ ನಡೆಸುವವರು ಬಳಸಬಹುದಾದ ಎರಡು ಒಳ್ಳೆಯ ಉಪಾಯಗಳು ಆಟದ ನಿಯಮದಲ್ಲೇ ಇವೆ. ಒಂದು, ತಾತ್ಕಾಲಿಕವಾಗಿ ಹೊರಗೆ ಕೂರಿಸುವುದು. ಕಿರಿಯರ ಹಾಗೂ ತಳಮಟ್ಟದ ಫುಟ್‌ಬಾಲ್‌ನಲ್ಲಿ, ಒಕ್ಕೂಟದ ಒಪ್ಪಿಗೆ ಇದ್ದರೆ, ಎದುರು ಮಾತಿನಂಥ ತಪ್ಪಿಗೆ ಹಳದಿ ತೋರಿಸಿ ಒಟ್ಟು ಆಟದ ಅವಧಿಯ ಶೇ 10ರಿಂದ 15ರಷ್ಟು ಹೊತ್ತು ಹೊರಗಿಡಬಹುದು. 20-20 ನಿಮಿಷದ ಪಂದ್ಯವಾದರೆ ನಾಲ್ಕರಿಂದ ಆರು ನಿಮಿಷ. ಆ ಹೊತ್ತು ಅವನ ಬದಲಿಗೆ ಇನ್ನೊಬ್ಬ ಇಳಿಯುವಂತಿಲ್ಲ. ಬಿಸಿ ಆರಲು ಸರಿಯಾಗಿ ಅಷ್ಟೇ ಸಮಯ ಬೇಕು, ಪಂದ್ಯವೂ ಕೆಡುವುದಿಲ್ಲ. ಎರಡು, 2024ರಿಂದ ಬಂದಿರುವ 'ನಾಯಕ ಮಾತ್ರ' ಪದ್ಧತಿ: ರೆಫರಿಯ ಬಳಿ ಹೋಗಿ ಕೇಳುವ ಹಕ್ಕು ನಾಯಕನೊಬ್ಬನಿಗೇ, ಗೋಲಿ ನಾಯಕನಾಗಿದ್ದರೆ ಮೊದಲೇ ಇನ್ನೊಬ್ಬನ ಹೆಸರು ಕೊಟ್ಟಿರಬೇಕು. ನಮ್ಮ ಸಲಹೆ ಸ್ವಲ್ಪ ವಿಚಿತ್ರ ಎನಿಸಬಹುದು: ಸಣ್ಣ ಪಂದ್ಯಗಳಲ್ಲಿ ಆ ಸಿಡುಕನಿಗೇ ಆ ಕೆಲಸ ಕೊಡಿ. ಎರಡು ಷರತ್ತು. ರೆಫರಿಯಿಂದ ಎರಡು ಮೀಟರ್ ದೂರ ನಿಲ್ಲಬೇಕು, "ಸರ್" ಎಂದು ಮಾತು ಶುರುಮಾಡಬೇಕು. ಬೇರೆಯವರು ಕೂಗುವಾಗ ಅವರನ್ನು ಎಳೆದು ಹಿಂದೆ ಹಾಕುವ ಕೆಲಸ ಅವನದೇ ಆಗುತ್ತದೆ.

ಈಗ ಶಿಕ್ಷೆಯ ವಿಷಯ. ತಡವಾಗಿ ಬಂದವನಿಗೆ ಮೈದಾನಕ್ಕೆ ಆರು ಸುತ್ತು ಎನ್ನುವುದು ಎಲ್ಲೆಡೆ ಇರುವ ಪದ್ಧತಿ. ಓಟವೇ ಕಸುಬಾದ ಆಟದಲ್ಲಿ ಓಟವನ್ನೇ ಶಿಕ್ಷೆ ಮಾಡಿದರೆ ಹುಡುಗ ಓಟವನ್ನು ದ್ವೇಷಿಸುತ್ತಾನೆ. ಇನ್ನು ನಮ್ಮ ಈ ಹುಡುಗನಂತೂ ಆರು ಸುತ್ತನ್ನು ನಗುತ್ತಾ ಮುಗಿಸಿ ಬರುತ್ತಾನೆ. ದಂಡ ಹಾಕಿದರೆ ಕಟ್ಟುವವರು ಅಪ್ಪ, ಅವರಿಗಾಗದಿದ್ದರೆ ಪಂದ್ಯಾವಳಿಯ ಸಂಘಟಕರು. ಒಂದು ತಿಂಗಳು ಆಡಬೇಡ ಎಂದರೆ ಮರುದಿನ ಪಕ್ಕದ ಊರಿನ ತಂಡದ ಅಂಗಿ ಹಾಕಿಕೊಂಡಿರುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು, ದುರ್ಬಲ ತಂಡದ ಎದುರು ಬೆಂಚಿನಲ್ಲಿ ಕೂರಿಸಿ ಫೈನಲ್ ದಿನ ಎಲ್ಲ ಮರೆತು ಇಳಿಸುವುದು. ತಂಡದ ನಿಯಮ ಗೋಲಿನ ಮುಂದೆ ಬಗ್ಗುತ್ತದೆ ಎಂದು ಅವನಿಗೆ ಅದೊಂದೇ ದಿನ ಸಾಕು ಕಲಿಯಲು. ಉಳಿದ ಹದಿನಾಲ್ಕು ಹುಡುಗರೂ ಅದನ್ನೇ ಕಲಿಯುತ್ತಾರೆ.

ಕೆಲಸ ಮಾಡುವ ಶಿಕ್ಷೆ ಸಣ್ಣದು, ಆ ದಿನದ್ದು ಆ ದಿನವೇ ತೀರುವಂಥದು, ಎಲ್ಲರಿಗೂ ಒಂದೇ. ವಾರ್ಮಪ್ ಶುರುವಾದ ಮೇಲೆ ಬಂದವನು ಮೊದಲ ಹನ್ನೊಂದರಲ್ಲಿಲ್ಲ. ಹದಿನೈದು ನಿಮಿಷ ದಾಟಿದರೆ ಮೊದಲರ್ಧ ಇಲ್ಲ. ಫೈನಲ್ಲಿಗೂ ಇದೇ. ಬೆಂಚಿನಲ್ಲಿ ಕೂತವನನ್ನು ಸುಮ್ಮನೆ ಕೂರಿಸಬಾರದು, ಕೈಗೆ ಪೆನ್ನು ಕೊಡಿ: ಎದುರು ತಂಡದ ನಡುಆಟಗಾರ ಚೆಂಡನ್ನು ಎಷ್ಟು ಸಲ ಎಡಕ್ಕೆ, ಎಷ್ಟು ಸಲ ಬಲಕ್ಕೆ ಕೊಟ್ಟ ಎಂದು ಗೀಟು ಹಾಕಲಿ. ಅರ್ಧ ವಿರಾಮದಲ್ಲಿ ಅದನ್ನು ಇಡೀ ತಂಡಕ್ಕೆ ಅವನೇ ಹೇಳಲಿ. ಮುಖ ಊದಿಸಿಕೊಂಡು ಕೂತವನ ಕಣ್ಣು ಹತ್ತು ನಿಮಿಷದಲ್ಲಿ ಆಟದ ಮೇಲೆ ಬಂದಿರುತ್ತದೆ.

ತಡಕ್ಕೂ ತಡಕ್ಕೂ ವ್ಯತ್ಯಾಸವಿದೆ ಎನ್ನುವುದನ್ನು ಇಲ್ಲಿ ಸೇರಿಸಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ಎಲ್ಲರಿಗೂ ನೆನಪಿದೆ. ನದಿಯಾಚೆಯ ಸದಾಶಿವಗಡದ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗ ದಾರಿಯಲ್ಲಿ ಸಿಕ್ಕಿಬಿದ್ದರೆ ಅದು ಅಶಿಸ್ತಲ್ಲ. ಆದರೆ ಬಸ್ಸಿನಲ್ಲಿರುವಾಗಲೇ ನಾಯಕನಿಗೆ ಒಂದು ಫೋನ್ ಮಾಡದಿರುವುದು ಅಶಿಸ್ತು. ನಿಯಮವನ್ನು ಹೀಗೆ ಬರೆದರೆ ಗೊಂದಲವಿಲ್ಲ: ಹೊರಡುವ ಮುಂಚೆಯೋ ದಾರಿಯಲ್ಲೋ ತಿಳಿಸಿದರೆ ಮಾಫಿ, ಬಂದ ಮೇಲೆ ಹೇಳಿದ ಕಾರಣಕ್ಕೆ ಕಿವಿ ಇಲ್ಲ.

ಅಶಿಸ್ತು ಎಂದು ಕಾಣುವುದರ ಹಿಂದೆ ಎಷ್ಟೋ ಸಲ ಮೈಯ ಸಂಗತಿಯೇ ಇರುತ್ತದೆ. ಹುಡುಗರ ಎತ್ತರ ಅತಿ ವೇಗವಾಗಿ ಏರುವುದು ಹೆಚ್ಚುಕಡಿಮೆ 13-14ರಲ್ಲಿ, ಆ ವರ್ಷ 8ರಿಂದ 10 ಸೆಂಟಿಮೀಟರ್. ಕಾಲಿನ ಉದ್ದ ಬದಲಾದಾಗ ನಿನ್ನೆಯವರೆಗೆ ಮಾತು ಕೇಳುತ್ತಿದ್ದ ಚೆಂಡು ಇವತ್ತು ಕೇಳುವುದಿಲ್ಲ. ಹುಡುಗನಿಗೆ ಕಾರಣ ಗೊತ್ತಿಲ್ಲ, ನೋಡುವವರು "ಕೊಬ್ಬು ಬಂತು" ಎನ್ನುತ್ತಾರೆ, ಸಿಟ್ಟು ಬರದೆ ಇನ್ನೇನಾದೀತು? ಅದೇ ಹೊತ್ತಿಗೆ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬು ನೋಯತೊಡಗುವುದೂ ಇದೆ. ವೈದ್ಯರು ಇದನ್ನು ಆಸ್ಗುಡ್-ಶ್ಲಾಟರ್ ಎನ್ನುತ್ತಾರೆ. ಒತ್ತಿದರೆ, ಜಿಗಿದರೆ, ಜೋರಾಗಿ ಒದ್ದರೆ ನೋವು. ಇದು ನಾಟಕವಲ್ಲ. ಕೆಲವು ವಾರ ಜಿಗಿತ, ಒದೆತ ಕಡಿಮೆ ಮಾಡಿಸಿ, ನೋವು ನಿಲ್ಲದಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ಖರ್ಚಿಲ್ಲದ ಉಪಾಯವೊಂದಿದೆ: ಮೂರು ತಿಂಗಳಿಗೊಮ್ಮೆ ಎಲ್ಲ ಹುಡುಗರನ್ನೂ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೀಟು ಹಾಕಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಏರಿದವನನ್ನು ಆ ಅವಧಿಯಲ್ಲಿ ಬೈಯುವುದು ಕಡಿಮೆ ಮಾಡಿ.

ಬೇಗ ಬೆಳೆದವನ ಕತೆ ಇದರ ಇನ್ನೊಂದು ಮುಖ. ಹದಿಮೂರಕ್ಕೇ ಮೀಸೆ ಚಿಗುರಿದವನು ಸಣ್ಣವರನ್ನು ತಳ್ಳಿಕೊಂಡು ಹೋಗಿ ಪಂದ್ಯಕ್ಕೆ ನಾಲ್ಕು ಗೋಲು ಹೊಡೆಯುತ್ತಾನೆ, ಪಾಸ್ ಕೊಡುವ ಅಗತ್ಯವೇ ಅವನಿಗೆ ಬೀಳುವುದಿಲ್ಲ. ಹದಿನಾರಕ್ಕೆ ಉಳಿದವರು ಅವನ ಸಮಕ್ಕೆ ಬರುತ್ತಾರೆ. ಆಗ ತಳ್ಳಿದರೆ ತಳ್ಳಿಸಿಕೊಳ್ಳುವವರಿಲ್ಲ, ದಾಟಿದರೆ ಹಿಂದಿನಿಂದ ಬಂದು ಹಿಡಿಯುತ್ತಾರೆ. ಎಲ್ಲರೂ ಕಾಣುವ ಆ ಸಿಟ್ಟಿನ ಬೇರು ಮೂರು ವರ್ಷ ಹಿಂದಿನದು. ಇಂಥವನನ್ನು ಹದಿಮೂರರಲ್ಲೇ ವಾರಕ್ಕೊಮ್ಮೆ ಎರಡು ವರ್ಷ ದೊಡ್ಡವರ ಜೊತೆ ಆಡಿಸಬೇಕು, ಸೋಲುವುದು ಹೇಗೆಂದು ಅಲ್ಲಿ ಕಲಿಯುತ್ತಾನೆ. (ವಯಸ್ಸು ಮುಚ್ಚಿಟ್ಟು ಕಿರಿಯರ ವಿಭಾಗದಲ್ಲಿ ಆಡಿಸುವವರಿಗೂ ಒಂದು ಮಾತು: ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುವ ಪದ್ಧತಿ ಭಾರತದ ಫುಟ್‌ಬಾಲ್‌ನಲ್ಲಿ ಬಂದು ವರ್ಷಗಳಾದವು.)

ನಿದ್ದೆ. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೈತಖೋಲ್ ಬಂದರಿನಲ್ಲಿ ನಸುಕಿಗೇ ಮೀನು ಇಳಿಸಲು ಹೋಗುವ ಮನೆಯ ಹುಡುಗ, ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿದವನು, ಇಬ್ಬರೂ ಸಂಜೆ ಐದಕ್ಕೆ ಸಿಡುಕುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮೊದಲನೆಯವನಿಗೆ ಮಧ್ಯಾಹ್ನ ಅರ್ಧ ಗಂಟೆ ಮಲಗಲು ಮನೆಯವರ ಹತ್ತಿರ ಕೋಚ್ ಮಾತಾಡಬೇಕು, ಎರಡನೆಯವನ ಮೊಬೈಲ್ ರಾತ್ರಿ ಹತ್ತಕ್ಕೆ ಅಮ್ಮನ ಕೋಣೆಗೆ ಹೋಗಬೇಕು. ಊಟದ್ದೂ ಹಾಗೆಯೇ. ಐದಕ್ಕೆ ಪಂದ್ಯವಿದ್ದರೆ ಒಂದೂವರೆ, ಎರಡರೊಳಗೆ ಕುಚ್ಚಲಕ್ಕಿ ಅನ್ನ, ಸಾರು, ಬೇಯಿಸಿದ ಮೀನು. ಹುರಿದದ್ದು ಪಂದ್ಯ ಮುಗಿದ ಮೇಲೆ. ನಾಲ್ಕಕ್ಕೆ ಒಂದು ಬಾಳೆಹಣ್ಣು. ಮೈದಾನದ ಗೇಟಿನ ವಡಾಪಾವ್, ಸೋಡಾ ಹೊಟ್ಟೆಯಲ್ಲಿಟ್ಟುಕೊಂಡು ಆಡುವವನಿಗೆ ದ್ವಿತೀಯಾರ್ಧದಲ್ಲಿ ಕಾಲು ಭಾರ, ನಾಲಿಗೆ ಸಡಿಲ. ನಮ್ಮ ಕರಾವಳಿಯ ಸೆಖೆಯಲ್ಲಿ ಪಂದ್ಯದ ಮೊದಲು ಮತ್ತು ನಂತರ ತೂಕ ನೋಡಿ. ಕಡಿಮೆಯಾದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರು, ಮಜ್ಜಿಗೆ, ಉಪ್ಪು ಬೆರೆಸಿದ ಮುರುಗಲ ಶರಬತ್ತು ಯಾವುದಾದರೂ, ನಿಧಾನವಾಗಿ ಒಳಗೆ ಹೋಗಬೇಕು.

ಹುಡುಗನನ್ನು ಕೆಡಿಸುವುದರಲ್ಲಿ ದೊಡ್ಡ ಪಾಲು ಮಾತ್ರ ನಮ್ಮ ರಾತ್ರಿ ಪಂದ್ಯಾವಳಿಗಳದ್ದೇ. ಶನಿವಾರ ಒಂದು ಊರಿನ ಅಂಗಿ, ಭಾನುವಾರ ಇನ್ನೊಂದರದ್ದು. ಪಂದ್ಯಕ್ಕಿಷ್ಟು ಎಂದು ಕೈಗೆ ನಗದು, ಜೊತೆಗೆ ಬಿರಿಯಾನಿ, ಬೈಕಿಗೆ ಪೆಟ್ರೋಲ್. ಒಂದೇ ರಾತ್ರಿ ಕಲ್ಲಿನಂಥ ಕೆಂಪು ನೆಲದ ಮೇಲೆ ಮೂರು ಪಂದ್ಯ, ಮುಗಿಯುವಾಗ ಎರಡು ಗಂಟೆ. ಅಲ್ಲಿ ಅವನಿಗೆ ಕೋಚ್ ಇಲ್ಲ, ವಾರ್ಮಪ್ ಇಲ್ಲ, ತಪ್ಪು ಮಾಡಿದರೆ ಕೇಳುವವರಿಲ್ಲ. ಸೋಮವಾರ ತನ್ನ ತಂಡದ ಅಭ್ಯಾಸಕ್ಕೆ ಬಂದು ಕೋನ್ ಸುತ್ತು ಓಡು ಎಂದರೆ ಅವನ ಮುಖದಲ್ಲಿ ಕಾಣುವ ತಾತ್ಸಾರಕ್ಕೆ ನಾವು ಅವನೊಬ್ಬನನ್ನೇ ಹೊಣೆ ಮಾಡುವುದು ಹೇಗೆ? ಸಂಘಟಕರು ಮೂರು ಕೆಲಸ ಮಾಡಲಿ: 18ರೊಳಗಿನ ಆಟಗಾರನಿಗೆ ತಂದೆ-ತಾಯಿಯ ಮತ್ತು ಅವನ ಸ್ವಂತ ತಂಡದ ಕೋಚ್‌ನ ಸಹಿ ಇಲ್ಲದೆ ಇಳಿಸಬೇಡಿ, ಒಂದು ರಾತ್ರಿಗೆ ಒಂದೇ ಪಂದ್ಯ, ದುಡ್ಡು ಕೊಡುವುದೇ ಆದರೆ ಹುಡುಗನ ಕೈಗೆ ಬೇಡ, ಮನೆಯವರಿಗೆ ಕೊಡಿ. ವಾರ್ಮಪ್‌ಗೆ ಫಿಫಾ 11 ಪ್ಲಸ್ ಎಂಬ 15 ವ್ಯಾಯಾಮಗಳ ಕ್ರಮವಿದೆ: 8 ನಿಮಿಷ ಓಟ, 10 ನಿಮಿಷ ಬಲ ಮತ್ತು ಸಮತೋಲ, ಕೊನೆಗೆ 2 ನಿಮಿಷ ವೇಗದ ಓಟ. ವಾರಕ್ಕೆ ಎರಡು ಸಲವಾದರೂ ಮಾಡಿದರೆ ಗಾಯ ಗಣನೀಯವಾಗಿ ಕಡಿಮೆಯಾಗುತ್ತದೆ. ಅದನ್ನು ಮುನ್ನಡೆಸುವ ಕೆಲಸವನ್ನೂ ನಮ್ಮ ತಡವಾಗಿ ಬರುವವನಿಗೇ ಕೊಡಿ, ಮುಂದೆ ನಿಲ್ಲಬೇಕಾದವನು ತಡ ಮಾಡುವುದು ಕಷ್ಟ.

ಕನಿಕರ ತೋರಿಸುವುದು ಯಾವಾಗಲೂ ಉಪಕಾರವಲ್ಲ ಎನ್ನುವುದಕ್ಕೆ ಇಂಗ್ಲೆಂಡಿನ ಪಾಲ್ ಗ್ಯಾಸ್ಕಾಯ್ನ್ ಉದಾಹರಣೆ. 1991ರ ಮೇ 18ರಂದು ಎಫ್.ಎ. ಕಪ್ ಫೈನಲ್. 23ರ ಹರೆಯ, ದೇಶದ ಕಣ್ಮಣಿ. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಎದುರಾಳಿಯ ಎದೆಮಟ್ಟಕ್ಕೆ ಕಾಲು ಬೀಸಿದ, ರೆಫರಿ ಕಾರ್ಡ್ ತೋರಿಸಲಿಲ್ಲ. ಕೆಲವೇ ನಿಮಿಷದಲ್ಲಿ ಇನ್ನೊಬ್ಬನ ಮೇಲೆ ಹುಚ್ಚುಹುಚ್ಚಾಗಿ ಎರಗಿ ತನ್ನದೇ ಮಂಡಿಯ ಲಿಗಮೆಂಟ್ ಹರಿದುಕೊಂಡ. ಮುಂದಿನ ಇಡೀ ಋತು ಮೈದಾನದ ಹೊರಗೆ. ಮೊದಲ ತಪ್ಪಿಗೇ ಒಂದು ಹಳದಿ ಬಿದ್ದಿದ್ದರೆ ಆ ಮಂಡಿ ಉಳಿಯುತ್ತಿತ್ತೇನೋ. ಡೇವಿಡ್ ಬೆಕಮ್‌ನದ್ದು ಇದಕ್ಕೆ ತಿರುವುಮುರುವು. 1998ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಎದುರು, ಬಿದ್ದಲ್ಲಿಂದಲೇ ಎದುರಾಳಿಗೆ ಕಾಲು ತಾಗಿಸಿದ. ರೆಫರಿ ಕೆಲವೇ ಹೆಜ್ಜೆ ದೂರದಲ್ಲಿದ್ದ, ಕೆಂಪು ಕಾರ್ಡ್. ಹತ್ತು ಜನರ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತಿತು. ಊರೆಲ್ಲ ಉಗಿದರೂ ಅವನು ಅಭ್ಯಾಸ ಬಿಡಲಿಲ್ಲ, ಎರಡೂವರೆ ವರ್ಷದೊಳಗೆ ಅದೇ ತಂಡದ ನಾಯಕನಾದ, 2002ರಲ್ಲಿ ಅದೇ ಅರ್ಜೆಂಟೀನಾ ಎದುರು ಗೆಲುವಿನ ಗೋಲು ಹೊಡೆದ. ಕೆಂಪು ಕಾರ್ಡ್ ಬಿದ್ದ ಹುಡುಗನಿಗೆ ಹೇಳಬೇಕಾದ ಕತೆ ಇದು.

ಹತ್ತಿರದ ಮಾದರಿ ಬೇಕೆಂದರೆ ಬೆಂಗಳೂರು ಎಫ್‌ಸಿಯಲ್ಲಿ 2013ರಿಂದ ಹೆಚ್ಚಿನ ಋತುಗಳನ್ನು ಆಡಿದ ಸುನಿಲ್ ಛೆಟ್ರಿ. 2005ರಲ್ಲಿ ಭಾರತದ ಅಂಗಿ ತೊಟ್ಟವರು 2024ರ ಜೂನ್‌ನಲ್ಲಿ ವಿದಾಯ ಹೇಳುವಾಗ 94 ಅಂತರರಾಷ್ಟ್ರೀಯ ಗೋಲು ಹೊಡೆದಿದ್ದರು, ಮರುವರ್ಷ ತಂಡಕ್ಕೆ ಮತ್ತೆ ಬರಬೇಕಾಯಿತು. ದೊಡ್ಡ ಮೈಕಟ್ಟಿನವರಲ್ಲ. ಊಟ, ನಿದ್ದೆ, ಅಭ್ಯಾಸದ ಬಗ್ಗೆ ಅವರ ಹಟ ಗೊತ್ತಿದ್ದವರಿಗೆ ಆ 19 ವರ್ಷಗಳ ಲೆಕ್ಕ ಅರ್ಥವಾಗುತ್ತದೆ.

ಹೆತ್ತವರಿಗೆ ಸಣ್ಣ ಮಾತು. ಗೆರೆಯಾಚೆಯಿಂದ "ಶೂಟ್ ಮಾಡೋ" ಎಂದು ಕೂಗಬೇಡಿ, ಹುಡುಗ ನಿಮ್ಮ ಮಾತು ಕೇಳಬೇಕೋ ಕೋಚ್‌ನದ್ದೋ? ಮನೆಗೆ ಹೋಗುವಾಗ ದಾರಿಯಲ್ಲಿ ಪಂದ್ಯದ ವಿಚಾರಣೆ ಬೇಡ. ಯಾರಾದರೂ ಕ್ಲಬ್ಬಿನ ಹೆಸರು ಹೇಳಿ ಕಾಗದಕ್ಕೆ ಸಹಿ ಕೇಳಿದರೆ ಓದದೆ ಹಾಕಬೇಡಿ: ಒಮ್ಮೆಗೆ ಒಂದೇ ಕ್ಲಬ್ಬಿನಲ್ಲಿ ನೋಂದಣಿ, 18ರೊಳಗಿನವರ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ ಎಂಬುದು ಫಿಫಾ ನಿಯಮ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಓದು ಬಿಡಿಸಲೂಬೇಡಿ. ಬೆಳಗ್ಗೆ ಹತ್ತಕ್ಕೆ ಹೋಗಲೇಬೇಕಾದ ಒಂದು ಜಾಗ ಇಲ್ಲದ ಹುಡುಗನ ಸಂಜೆ ಐದೂ ಹಿಡಿತಕ್ಕೆ ಸಿಗುವುದಿಲ್ಲ.

ಕೊನೆಗೆ ತಮ್ಮಲ್ಲಿ, ಸಂಪಾದಕರೇ. ಒಂದು ಪಂದ್ಯದಲ್ಲಿ ಮೂರು ಗೋಲು ಹೊಡೆದ ಹದಿನಾರರ ಹುಡುಗನನ್ನು ಪತ್ರಿಕೆಗಳು 'ಕರಾವಳಿಯ ಮೆಸ್ಸಿ' ಎಂದು ಬರೆದರೆ, ಆ ತುಣುಕು ಲ್ಯಾಮಿನೇಟ್ ಆಗಿ ಮನೆಯ ಗೋಡೆಗೆ ಏರುತ್ತದೆ, ಮೊಬೈಲಿನಲ್ಲಿ ಊರು ಸುತ್ತುತ್ತದೆ. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ಮರುವಾರ ಅವನು ಪಾಸ್ ಕೊಡುವುದಿಲ್ಲ, ಕೋಚ್ ಕೇಳಿದರೆ ಪೇಪರ್ ತೋರಿಸುತ್ತಾನೆ. ಗೋಲು ಹೊಡೆದವನ ಹೆಸರು ಹಾಕಿ, ಬೇಡವೆನ್ನುವುದಿಲ್ಲ. ಪಕ್ಕದಲ್ಲಿ ಆ ಚೆಂಡು ಕೊಟ್ಟವನ ಹೆಸರನ್ನೂ, ಗೋಲು ಬಿಡದ ಗೋಲಿಯ ಹೆಸರನ್ನೂ ಹಾಕಿ. ಕಾರ್ಡ್ ಪಡೆದ ಮಕ್ಕಳ ಹೆಸರು ಹಾಕಬೇಡಿ, ತಂಡಕ್ಕೆ ಎಷ್ಟು ಬಿತ್ತೆಂದು ಸಂಖ್ಯೆ ಮಾತ್ರ ಸಾಕು. ಫೋಟೊಕ್ಕೆ ಒಬ್ಬನೇ ಕಪ್ ಎತ್ತಿ ನಿಂತದ್ದರ ಬದಲು ಇಡೀ ತಂಡದ್ದು ಇರಲಿ, ಬೆಂಚಿನಲ್ಲಿ ಕೂತವರೂ ಸೇರಿ.

ಇಂತಿ,
ಮಕ್ಕಳ ಫುಟ್‌ಬಾಲ್ ತರಬೇತಿ ಹಾಗೂ ರೆಫರಿ ಕೆಲಸದಲ್ಲಿರುವ ಕೆಲವರು,
ಕಾರವಾರ